ಅಜ್ಜಿ, ಹೊಸಬರು, ಪಳಗಿದವರು ಎಲ್ಲರೂ ಇರುವ ಕುಟುಂಬಕ್ಕೆ ಸ್ಕೀ ರೆಸಾರ್ಟ್ ಆರಿಸುವುದು ಹೇಗೆ

ಸ್ಕೀ ರೆಸಾರ್ಟ್‌ಗಳ ಜಾಹೀರಾತಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಸ್ಕೀ ಹಾದಿಗಳ ಒಟ್ಟು ಉದ್ದದ ಕಿಲೋಮೀಟರ್ ಲೆಕ್ಕ. ಫ್ರಾನ್ಸಿನ ತ್ರುವಾ ವಾಲೆ 600 ಕಿ.ಮೀ., ಇಟಲಿಯ ಡೊಲೊಮಿಟಿ ಸೂಪರ್‌ಸ್ಕೀ 1200 ಕಿ.ಮೀ. ಮೊದಲ ಸಲ ಸ್ಕೀ ಕಟ್ಟಿದವರು ಒಂದು ವಾರದಲ್ಲಿ ಬಳಸುವುದು ಹೆಚ್ಚೆಂದರೆ ಮೂರೋ ನಾಲ್ಕೋ ಇಳಿಜಾರು. ಹತ್ತು ವರ್ಷ ಪಳಗಿದವರೂ ಆರು ದಿನದಲ್ಲಿ 600 ಕಿ.ಮೀ. ಮುಗಿಸುವುದಿಲ್ಲ. ಒಂದೇ ಮಟ್ಟದ ಗೆಳೆಯರ ಗುಂಪಾದರೆ ಈ ಲೆಕ್ಕಕ್ಕೆ ಸ್ವಲ್ಪ ಬೆಲೆ ಇದೆ. ಅಜ್ಜಿ, ಮಗು, ಹೊಸಬ ದಂಪತಿ, ಮ್ಯೂನಿಕ್‌ನಲ್ಲಿ ನೆಲೆಸಿ ಪ್ರತಿ ಚಳಿಗಾಲವೂ ಬೆಟ್ಟ ಹತ್ತುವ ಅಣ್ಣ ಎಲ್ಲರೂ ಒಟ್ಟಿಗೆ ಹೊರಟಾಗ ಕೇಳಬೇಕಾದ ಪ್ರಶ್ನೆಯೇ ಬೇರೆ: ಮಧ್ಯಾಹ್ನ ಹನ್ನೆರಡೂವರೆಗೆ ಇವರೆಲ್ಲ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರಲು ಸಾಧ್ಯವೇ?

ಈ ಒಂದು ಪ್ರಶ್ನೆಗೆ ಹೌದು ಎನ್ನಬೇಕಾದರೆ ಊರಿನಲ್ಲಿ ಹಲವು ಸಂಗತಿ ಕೂಡಿಬರಬೇಕು. ಸ್ಕೀ ಮಾಡದವರನ್ನೂ ಮೇಲಕ್ಕೆ ಕರೆದೊಯ್ದು ಕೆಳಕ್ಕೆ ತರುವ ಲಿಫ್ಟ್ ಬೇಕು. ಊಟದ ಜಾಗಕ್ಕೆ ಸುಲಭದ ಹಾದಿಯೂ ಕಷ್ಟದ ಹಾದಿಯೂ ಬಂದು ಸೇರಬೇಕು. ಹೊಸಬರ ತರಗತಿ ಅಲ್ಲೇ ಹತ್ತಿರದಲ್ಲಿ ಮುಗಿಯಬೇಕು. ಮುಂದೆ ಹೇಳುವುದೆಲ್ಲ ಇದನ್ನು ಮನೆಯಲ್ಲೇ ಕೂತು ಪರೀಕ್ಷಿಸುವ ಬಗೆ. ಮುಖ್ಯವಾಗಿ ಆಲ್ಪ್ಸ್ ಪರ್ವತದ ಊರುಗಳನ್ನು ಇಟ್ಟುಕೊಂಡು ಹೇಳಿದ್ದೇವೆ. ಗುಲ್ಮಾರ್ಗ್ ಬಗ್ಗೆ ಕೊನೆಯತ್ತ ಬರುತ್ತದೆ.

ಮೊದಲು ಮನುಷ್ಯರ ಪಟ್ಟಿ

ಒಂದು ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರು, ವಯಸ್ಸು, ಈವರೆಗೆ ಹಿಮದ ಮೇಲೆ ಕಳೆದ ದಿನಗಳ ಸಂಖ್ಯೆ, ಮಂಡಿ ಅಥವಾ ಹೃದಯದ ತೊಂದರೆ ಬರೆಯಿರಿ. "ಸ್ಕೀ ಬರುತ್ತದೆ" ಎಂಬ ಮಾತನ್ನು ಹಾಗೇ ಒಪ್ಪಬೇಡಿ. ಎಷ್ಟು ದಿನ, ಯಾವ ಬಣ್ಣದ ಹಾದಿ (ನೀಲಿ ಸುಲಭ, ಕೆಂಪು ಕಷ್ಟ, ಕಪ್ಪು ಇನ್ನೂ ಕಷ್ಟ), ಕೊನೆಯ ಸಲ ಯಾವಾಗ ಎಂದು ಕೇಳಿ. ಎಂಟು ವರ್ಷದ ಹಿಂದೆ ಮನಾಲಿಯ ಸೋಲಾಂಗ್‌ನಲ್ಲಿ ಎರಡು ತಾಸು ಜಾರಿದವರು ಹೊಸಬರೇ. ಒಟ್ಟು 5 ದಿನ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊಸಬರು. 6ರಿಂದ 20 ದಿನ ಆಗಿದ್ದು ನೀಲಿ ಹಾದಿಯಲ್ಲಿ ಅಂಜದೆ ಇಳಿಯುವವರು ನಡುಮಟ್ಟದವರು. ಕೆಂಪು ಹಾದಿಯಲ್ಲಿ ಯಾವ ಹಿಮವಿದ್ದರೂ ಹಿಡಿತ ತಪ್ಪದವರು ಮಾತ್ರ ಪಳಗಿದವರು.

ಪಟ್ಟಿ ಮುಗಿದ ಮೇಲೆ ಇಬ್ಬರ ಹೆಸರಿನ ಸುತ್ತ ವೃತ್ತ ಎಳೆಯಿರಿ: ಎಲ್ಲರಿಗಿಂತ ಅಶಕ್ತರಾದವರು, ಎಲ್ಲರಿಗಿಂತ ಅಳುಕುವವರು. ಎಷ್ಟೋ ಸಲ ಇವರಿಬ್ಬರೂ ಬೇರೆ ಬೇರೆ. ಎಪ್ಪತ್ತರ ಅಜ್ಜಿ ಕೇಬಲ್ ಕಾರಿನಲ್ಲಿ ನಗುತ್ತಾ ಕೂರುತ್ತಾರೆ, ನಲವತ್ತರ ಅಪ್ಪ ಇಳಿಜಾರಿನ ಅಂಚಿನಲ್ಲಿ ಕಲ್ಲಾಗಿ ನಿಲ್ಲುತ್ತಾರೆ. ರೆಸಾರ್ಟ್ ಆರಿಸುವುದು ಈ ಇಬ್ಬರಿಗಾಗಿ. ಪಳಗಿದವರಿಗೆ ಸಾಧಾರಣ ಬೆಟ್ಟದಲ್ಲೂ ವಾರ ಕಳೆಯುತ್ತದೆ. ಹೊಸಬರು ತಪ್ಪು ಬೆಟ್ಟಕ್ಕೆ ಬಂದರೆ ಎರಡನೆಯ ದಿನಕ್ಕೇ ಬೂಟು ಬಿಚ್ಚಿಡುತ್ತಾರೆ.

ತಾರೀಖು ಮತ್ತು ಎತ್ತರ ಒಂದೇ ನಿರ್ಧಾರ

ಶಾಲೆಯ ರಜೆ ಕೈ ಕಟ್ಟಿಹಾಕುವುದರಿಂದ ತಾರೀಖು ಮೊದಲು ನಿಲ್ಲುತ್ತದೆ. ಆ ತಾರೀಖೇ ಎತ್ತರವನ್ನು ಹೇಳುತ್ತದೆ.

ಕ್ರಿಸ್‌ಮಸ್ ರಜೆಯಲ್ಲಿ ಬರುವುದಾದರೆ ಆಲ್ಪ್ಸ್‌ನ ಕೆಳ ಊರುಗಳಲ್ಲಿ ಹಿಮ ಕೂತಿರುತ್ತದೆಂಬ ಭರವಸೆ ಇಲ್ಲ. 1000 ಮೀಟರ್ ಆಸುಪಾಸಿನಲ್ಲಿ ಮಳೆಯೂ ಬರಬಹುದು. ಊರೇ 1800 ಮೀಟರ್ ದಾಟಿರುವ ಕಡೆ ನೋಡಿ. ಕೃತಕ ಹಿಮದ ಫಿರಂಗಿಗಳಿವೆ ಎಂಬುದು ಪೂರ್ತಿ ಸಮಾಧಾನವಲ್ಲ. ಗಾಳಿಯ ತೇವವನ್ನೂ ಲೆಕ್ಕಕ್ಕೆ ಹಿಡಿದ ಉಷ್ಣಾಂಶ ಸುಮಾರು ಮೈನಸ್ 2 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಅವು ಸರಿಯಾಗಿ ಕೆಲಸ ಮಾಡುತ್ತವೆ.

ಜನವರಿಯ ಎರಡನೆಯ ವಾರದಿಂದ ತಿಂಗಳ ಕೊನೆಯವರೆಗೆ ದರ ಇಳಿದಿರುತ್ತದೆ, ಹಾದಿ ಖಾಲಿ, ಹಿಮ ಚೆನ್ನ. ಚಳಿ ಮಾತ್ರ ಕಡು, ಹೊತ್ತು ಬೇಗ ಮುಳುಗುತ್ತದೆ. ಶಾಲೆಗೆ ಹೋಗುವ ಮಕ್ಕಳಿಲ್ಲದ ಗುಂಪಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ಫೆಬ್ರವರಿಯಲ್ಲಿ ಫ್ರಾನ್ಸಿನ ಶಾಲೆಗಳಿಗೆ ಮೂರು ವಲಯಗಳಾಗಿ ಸರದಿಯ ಮೇಲೆ ರಜೆ. ಬ್ರಿಟನ್ನಿನ ಅರ್ಧಾವಧಿ ರಜೆಯೂ ತಿಂಗಳ ನಡುವೆ ಬಂದು ಸೇರುತ್ತದೆ. ಆ ವಾರಗಳಲ್ಲಿ ಲಿಫ್ಟಿಗೆ ಸಾಲು, ಸ್ಕೀ ಶಾಲೆಯಲ್ಲಿ ಜಾಗವಿಲ್ಲ, ಶನಿವಾರ ಬೆಟ್ಟದ ರಸ್ತೆಗಳಲ್ಲಿ ವಾಹನಗಳ ಜಾತ್ರೆ. ಇಂಗ್ಲೆಂಡಿನಲ್ಲಿರುವ ಕುಟುಂಬಗಳಿಗೆ ಬೇರೆ ದಾರಿಯಿಲ್ಲದಿದ್ದರೆ ಆರೇಳು ತಿಂಗಳ ಮೊದಲೇ ಕಾಯ್ದಿರಿಸುವುದು ಲೇಸು.

ಬೆಂಗಳೂರಿನ ಮಕ್ಕಳಿಗೆ ಪರೀಕ್ಷೆ ಮುಗಿಯುವುದು ಮಾರ್ಚ್ ಕೊನೆಗೆ. ಏಪ್ರಿಲ್ ಮೊದಲೆರಡು ವಾರ ಹೊರಡುವುದಾದರೆ 1800 ಮೀಟರ್ ಕೂಡ ಸಾಲದು, 2000 ಮೀಟರ್ ಮೇಲಿನ ಇಳಿಜಾರುಗಳೇ ಬೇಕು. ಆಗ ದಿನದ ಲಯವೂ ಬದಲಾಗುತ್ತದೆ. ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗ್ಗೆ ಒಂಬತ್ತಕ್ಕೆ ಸಿಮೆಂಟಿನಷ್ಟು ಗಟ್ಟಿ, ಹತ್ತೂವರೆಗೆ ಹದ, ಮಧ್ಯಾಹ್ನ ಒಂದಕ್ಕೆ ನೆನೆದ ಅವಲಕ್ಕಿಯಂತೆ ಮುದ್ದೆ. ಹೊಸಬರು ಬೀಳುವುದು ಮೊದಲ ಗಂಟೆಯ ಗಟ್ಟಿಯಲ್ಲಿ, ಮಂಡಿ ತಿರುಚಿಕೊಳ್ಳುವುದು ಮಧ್ಯಾಹ್ನದ ಮುದ್ದೆಯಲ್ಲಿ. ಏಪ್ರಿಲ್‌ನಲ್ಲಿ ತರಗತಿಯನ್ನು ಹತ್ತು ಗಂಟೆಯ ನಂತರಕ್ಕೆ ಕೇಳಿ.

ಎತ್ತರಕ್ಕೂ ಒಂದು ಮಿತಿ ಬೇಕು. 2300 ಮೀಟರ್‌ನಲ್ಲಿರುವ ವಾಲ್ ತೊರಾನ್ಸ್‌ನಲ್ಲಿ ಹಿಮದ ಚಿಂತೆಯಿಲ್ಲ, ಆದರೆ ಮಂಗಳೂರಿನಿಂದಲೋ ದುಬೈಯಿಂದಲೋ ನೇರ ಬಂದವರಿಗೆ ಮೊದಲೆರಡು ರಾತ್ರಿ ತಲೆನೋವು, ನಿದ್ದೆಗೇಡು ಸಾಮಾನ್ಯ. ಅಲ್ಲಿ ಮರಗಳೂ ಇಲ್ಲ. ಮೋಡ ಇಳಿದರೆ ಆಕಾಶ ಯಾವುದು ನೆಲ ಯಾವುದು ತಿಳಿಯದು, ಹೊಸಬರಿಗೆ ಇಡೀ ದಿನ ವ್ಯರ್ಥ. ಮರಗಳ ನಡುವಿನ ಹಾದಿಯಲ್ಲಿ ಮಂಜಿನಲ್ಲೂ ದಾರಿ ಕಾಣುತ್ತದೆ. ಹಿರಿಯರಿರುವ ಗುಂಪು ಮಲಗುವ ಊರು 1300ರಿಂದ 1900 ಮೀಟರ್, ಸ್ಕೀ ಮಾಡುವ ಜಾಗ ಅದಕ್ಕಿಂತ ಮೇಲೆ ಇರುವುದು ಒಳ್ಳೆಯ ಹೊಂದಾಣಿಕೆ.

ನಕ್ಷೆ ಓದುವುದು

ಪ್ರತಿ ರೆಸಾರ್ಟಿನ ಜಾಲತಾಣದಲ್ಲೂ ಹಾದಿಗಳ ನಕ್ಷೆ ಸಿಗುತ್ತದೆ. ಒಂದು ಗಂಟೆ ಅದರ ಮುಂದೆ ಕೂತರೆ ನೂರು ವಿಮರ್ಶೆ ಓದಿದ್ದಕ್ಕಿಂತ ಹೆಚ್ಚು ತಿಳಿಯುತ್ತದೆ.

ಬಣ್ಣಗಳ ಅರ್ಥ ಮೊದಲು. ಫ್ರಾನ್ಸ್, ಸ್ಪೇನ್‌ಗಳಲ್ಲಿ ಹಸಿರು ಅತಿ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ, ಇಟಲಿಗಳಲ್ಲಿ ಸಾಮಾನ್ಯವಾಗಿ ಹಸಿರೇ ಇಲ್ಲ, ನೀಲಿಯಿಂದಲೇ ಶುರು. ಅಮೆರಿಕ, ಕೆನಡಾಗಳಲ್ಲಿ ಹಸಿರು ವೃತ್ತ, ನೀಲಿ ಚೌಕ, ಕಪ್ಪು ವಜ್ರ. ಕೆಂಪು ಇಲ್ಲದ ಕಾರಣ ಅಲ್ಲಿನ ನೀಲಿ ಕೆಲವೊಮ್ಮೆ ಯುರೋಪಿನ ಕೆಂಪಿನಷ್ಟು ಕಡಿದು. ಜರ್ಮನ್ ಮಾನದಂಡದ ಪ್ರಕಾರ ನೀಲಿ ಹಾದಿಯ ಇಳಿಜಾರು ಶೇ. 25ರ ಒಳಗೆ, ಕೆಂಪು ಶೇ. 40ರ ಒಳಗೆ, ಅದಕ್ಕೂ ಕಡಿದಾದದ್ದು ಕಪ್ಪು; ಸಣ್ಣ ತುಂಡುಗಳಿಗೆ ರಿಯಾಯಿತಿ ಉಂಟು. ನಮ್ಮ ಘಾಟಿ ರಸ್ತೆಗಳನ್ನು ಸಾಮಾನ್ಯವಾಗಿ ಶೇ. 5ರಿಂದ 8ರೊಳಗೆ ರೂಪಿಸುತ್ತಾರೆ ಎಂಬುದನ್ನು ನೆನೆದರೆ ಶೇ. 25 ಏನೆಂದು ಅಂದಾಜಾದೀತು. ನೀಲಿ ಎಂದರೆ ಹೊಸಬರಿಗೆ ಎಂದಲ್ಲ, ಎರಡು ಮೂರು ದಿನ ಕಲಿತವರಿಗೆ ಎಂದು ಓದಿಕೊಳ್ಳಿ.

ಬಣ್ಣವನ್ನು ಮಾತ್ರ ನಂಬದೆ ಲೆಕ್ಕ ಹಾಕಿ. ಹಾದಿಯ ಮೇಲ್ತುದಿ 2060 ಮೀಟರ್, ಕೆಳತುದಿ 1700 ಮೀಟರ್, ಉದ್ದ 2.4 ಕಿ.ಮೀ. ಎಂದಿಟ್ಟುಕೊಳ್ಳಿ. ಇಳಿತ 360 ಮೀಟರ್, ಅದನ್ನು 2400ರಿಂದ ಭಾಗಿಸಿದರೆ ಶೇ. 15. ಕಲಿಕೆಯ ಮೈದಾನ ಶೇ. 10ರ ಆಸುಪಾಸು, ಮೊದಲ ನಿಜವಾದ ಹಾದಿ ಶೇ. 15ರ ಆಸುಪಾಸು ಇದ್ದರೆ ಮೊದಲ ವಾರಕ್ಕೆ ಸೊಗಸು. ಸರಾಸರಿ ಎಂಬುದು ಮೋಸ ಮಾಡಬಲ್ಲದು: ಎರಡು ಕಿ.ಮೀ. ಸಮತಟ್ಟು, ನಡುವೆ ಇನ್ನೂರು ಮೀಟರ್ ಗೋಡೆ ಇದ್ದರೂ ಸರಾಸರಿ ಚೆನ್ನಾಗಿಯೇ ಬರುತ್ತದೆ. ಆದ್ದರಿಂದ ಎತ್ತರದ ಗೆರೆಗಳಿರುವ ಭೂಪಟದಲ್ಲಿ ಹಾದಿಯುದ್ದಕ್ಕೂ ಕಣ್ಣು ಹಾಯಿಸಿ, ಗೆರೆಗಳು ಒತ್ತೊತ್ತಾಗಿರುವ ಜಾಗ ಗುರುತಿಸಿ. ರೆಸಾರ್ಟಿನ ನಕ್ಷೆ ಚಿತ್ರಕಾರರು ಬಿಡಿಸಿದ್ದು, ಎಲ್ಲ ಹಾದಿಯೂ ಒಂದೇ ನೋಟದಲ್ಲಿ ಕಾಣಲೆಂದು ಬೆಟ್ಟವನ್ನೇ ತಿರುಗಿಸಿ ಹಿಗ್ಗಿಸಿರುತ್ತಾರೆ.

ಇನ್ನೊಂದು ಬಲೆ, ಬೆಟ್ಟದ ಪಕ್ಕೆಯನ್ನು ಕೊರೆದು ಮಾಡಿದ ಕಿರಿದಾದ ಅಡ್ಡಹಾದಿಗಳು. ಇಳಿಜಾರು ಕಡಿಮೆ ಇರುವುದರಿಂದ ಹಸಿರೋ ನೀಲಿಯೋ ಬಳಿದಿರುತ್ತಾರೆ. ಅಗಲ ನಾಲ್ಕೈದು ಮೀಟರ್, ಒಂದು ಬದಿ ಪ್ರಪಾತ, ಹಿಂದಿನಿಂದ ವೇಗವಾಗಿ ಬರುವವರು. ತಿರುವು ಹಾಕಲು ಜಾಗವಿಲ್ಲದ ಕಾರಣ ಹೊಸಬರು ಸ್ಕೀಯ ತುದಿಗಳನ್ನು ಕೂಡಿಸಿ ಬ್ರೇಕ್ ಹಿಡಿದೇ ಇಳಿಯಬೇಕು, ತೊಡೆ ಉರಿದು ಹೋಗುತ್ತದೆ. ಸ್ನೋಬೋರ್ಡ್ ಹಿಡಿದ ಹದಿಹರೆಯದವರಿಗೆ ಇದೇ ಹಾದಿ ಇನ್ನೊಂದು ಬಗೆಯ ಶಿಕ್ಷೆ: ಸಮತಟ್ಟು ಬಂದೊಡನೆ ಬೋರ್ಡ್ ನಿಲ್ಲುತ್ತದೆ, ಬಿಚ್ಚಿಕೊಂಡು ನಡೆಯಬೇಕು. ನಕ್ಷೆಯಲ್ಲಿ ಉದ್ದಕ್ಕೆ ಅಡ್ಡಲಾಗಿ ಎಳೆದ ತೆಳ್ಳನೆಯ ನೀಲಿ ಗೆರೆ ಕಂಡರೆ ಅನುಮಾನಪಡಿ.

ಲಿಫ್ಟುಗಳ ಚಿಹ್ನೆಯನ್ನೂ ನೋಡಿ. ಹೊಸಬರಿಗೆ ಮ್ಯಾಜಿಕ್ ಕಾರ್ಪೆಟ್ ಬೇಕು, ವಿಮಾನ ನಿಲ್ದಾಣದ ಚಲಿಸುವ ಪಟ್ಟಿಯಂಥದು, ನಿಂತರೆ ಸಾಕು. ಕಾಲಿನ ನಡುವೆ ಸಿಕ್ಕಿಸಿಕೊಳ್ಳುವ ಬಟನ್ ಲಿಫ್ಟ್ ಎರಡನೆಯ ಹಂತ. ಇಬ್ಬರು ಸೊಂಟದ ಕೆಳಗೆ ಒರಗಿಸಿಕೊಂಡು ಎಳೆಸಿಕೊಳ್ಳುವ ಟಿ-ಬಾರ್ ಹೊಸಬರಿಗೂ ಸ್ನೋಬೋರ್ಡ್‌ನವರಿಗೂ ಕಷ್ಟ, ಎತ್ತರ ಬೇರೆಯಾದ ಅಪ್ಪ-ಮಗನಿಗೆ ಇನ್ನೂ ಕಷ್ಟ. ಮೊದಲ ನೀಲಿ ಹಾದಿಗೆ ಹೋಗಲು ಟಿ-ಬಾರ್ ಒಂದೇ ದಾರಿಯಾಗಿದ್ದರೆ ಆ ಊರಿಗೆ ಎದುರು ಒಂದು ಗುಣಾಕಾರ ಚಿಹ್ನೆ ಹಾಕಿ.

ಪಂಕ್ತಿಯ ಜಾಗ ಹುಡುಕುವುದು

ಈಗ ಮುಖ್ಯ ಕೆಲಸ. ನಕ್ಷೆಯಲ್ಲಿ ಬೆಟ್ಟದ ನಡುವಿನ ಒಂದು ಹೋಟೆಲು ಅಥವಾ ನಿಲ್ದಾಣ ಆರಿಸಿ, ಅಲ್ಲಿಗೆ ನಾಲ್ಕು ದಾರಿ ಗೀಚಿ:

1. ಸ್ಕೀ ಮಾಡದವರು ಬೂಟು ಚಪ್ಪಲಿಯಲ್ಲೇ ರೈಲು, ಗೊಂಡೋಲಾ (ತಂತಿಯ ಮೇಲೆ ಸಾಲಾಗಿ ಓಡುವ ಮುಚ್ಚಿದ ಪುಟ್ಟ ಡಬ್ಬಿಗಳು) ಅಥವಾ ಕೇಬಲ್ ಕಾರಿನಲ್ಲಿ ಬಂದು ಅದರಲ್ಲೇ ಇಳಿಯಬಹುದೇ?
2. ಹೊಸಬರ ಮೈದಾನದಿಂದ ಇಲ್ಲಿಗೆ ಕೆಂಪು ಹಾದಿ ತುಳಿಯದೆ ಬರಬಹುದೇ?
3. ನಡುಮಟ್ಟದವರು ಇಲ್ಲಿಂದ ಬೇರೆ ಬೇರೆ ದಿಕ್ಕಿಗೆ ಕನಿಷ್ಠ ಮೂರು ಸುತ್ತು ಹೊಡೆದು ಮರಳಬಹುದೇ?
4. ಬಸ್ಸು ಹಿಡಿದು ಇನ್ನೊಂದು ಕಣಿವೆಗೆ ಹೋಗಬೇಕಾಗದಂತೆ ಪಳಗಿದವರ ಕಪ್ಪು, ಕೆಂಪು ಹಾದಿಗಳು ಇದೇ ಬೆಟ್ಟದಲ್ಲಿವೆಯೇ?

ನಾಲ್ಕಕ್ಕೂ ಹೌದು ಬಂದರೆ ಊರು ಉಳಿಯುತ್ತದೆ. ಅಂಕ ಕೊಟ್ಟು ಕೂಡಿಸುವ ಪದ್ಧತಿ ಇಲ್ಲಿ ಬೇಡ. ಮೂರರಲ್ಲಿ ಪೂರ್ತಿ ಅಂಕ ಬಂದರೂ ಒಂದು ದಾರಿ ಕಡಿದಿದ್ದರೆ ಒಬ್ಬರು ವಾರವಿಡೀ ಒಂಟಿ.

ಸಂಜೆ ಮನೆಗೆ ಮರಳುವ ದಾರಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಮೂರೂವರೆ ಹೊತ್ತಿಗೆ ಊರಿಗಿಳಿಯುವ ಹಾದಿಯಲ್ಲಿ ಹಿಮ ಸವೆದು ನುಣುಪಾಗಿರುತ್ತದೆ ಅಥವಾ ಗುಡ್ಡೆಗಟ್ಟಿರುತ್ತದೆ, ಕಾಲು ಸೋತಿರುತ್ತದೆ, ಬೆಟ್ಟದ ಜನರೆಲ್ಲ ಅದೇ ಹಾದಿಯಲ್ಲಿರುತ್ತಾರೆ. ಹೊಸಬರು ಲಿಫ್ಟಿನಲ್ಲೇ ಇಳಿಯಬೇಕು. ಗೊಂಡೋಲಾ ಇದ್ದರೆ ಸರಿ. ಹಳೆಯ ಚೇರ್‌ಲಿಫ್ಟುಗಳಲ್ಲಿ ಕೆಲವು ಕೆಳಮುಖವಾಗಿ ಜನರನ್ನು ಒಯ್ಯುವುದಿಲ್ಲ, ಇದನ್ನು ಪತ್ರ ಬರೆದು ಖಚಿತಪಡಿಸಿಕೊಳ್ಳಿ. ಚಳಿಗಾಲದ ನಡುವೆ ಬಹುತೇಕ ಲಿಫ್ಟುಗಳು ನಾಲ್ಕು, ನಾಲ್ಕೂವರೆಗೆ ನಿಲ್ಲುತ್ತವೆ.

ಕೆಲವು ನಿಜವಾದ ಊರುಗಳು

ಈ ಪರೀಕ್ಷೆಯಲ್ಲಿ ಸ್ವಿಟ್ಜರ್ಲೆಂಡಿನ ವೆಂಗನ್ ಮತ್ತು ಗ್ರಿಂಡೆಲ್‌ವಾಲ್ಡ್ ಜೋಡಿಗೆ ನಮ್ಮ ಮೊದಲ ಮಣೆ. ಕಾರಣ ರೈಲು. 1893ರಲ್ಲಿ ಶುರುವಾದ ವೆಂಗರ್ನಾಲ್ಪ್ ಹಲ್ಲುಗಾಲಿ ರೈಲು ಲೌಟರ್‌ಬ್ರುನ್ನನ್‌ನಿಂದ ವೆಂಗನ್ ದಾಟಿ 2061 ಮೀಟರ್ ಎತ್ತರದ ಕ್ಲೈನೆ ಶೈಡೆಗ್‌ಗೆ ಹತ್ತಿ, ಆಚೆ ಬದಿ ಗ್ರಿಂಡೆಲ್‌ವಾಲ್ಡ್‌ಗೆ ಇಳಿಯುತ್ತದೆ. ಸೀರೆಯ ಮೇಲೆ ದಪ್ಪ ಕೋಟು ತೊಟ್ಟ ಅಜ್ಜಿ ಊರಿನಲ್ಲಿ ರೈಲು ಹತ್ತಿ, ಐಗರ್ ಪರ್ವತದ ಉತ್ತರ ಗೋಡೆಯನ್ನು ಎದುರಿಗಿಟ್ಟುಕೊಂಡು ಶೈಡೆಗ್‌ನಲ್ಲಿ ಕೂರುತ್ತಾರೆ. ನಡುಮಟ್ಟದವರು ನೀಲಿ ಹಾದಿಗಳಲ್ಲಿ ಅಲ್ಲಿಗೇ ಬಂದು ಸೇರುತ್ತಾರೆ. ಪಳಗಿದವರಿಗೆ ಲೌಬರ್‌ಹಾರ್ನ್ ಓಟದ ಹಾದಿಯಿದೆ, ಸುಮಾರು 4.5 ಕಿ.ಮೀ., ವಿಶ್ವಕಪ್‌ನ ಅತಿ ಉದ್ದದ ಇಳಿಓಟ. ವೆಂಗನ್‌ಗೆ ಕಾರು ಬರುವುದಿಲ್ಲ, ಮಕ್ಕಳ ಕಲಿಕೆಯ ಮೈದಾನ ಊರ ನಡುವೆಯೇ ಇದೆ. 2020ರ ಡಿಸೆಂಬರಿನಲ್ಲಿ ಶುರುವಾದ ಐಗರ್ ಎಕ್ಸ್‌ಪ್ರೆಸ್ ಗೊಂಡೋಲಾ ಗ್ರಿಂಡೆಲ್‌ವಾಲ್ಡ್‌ನಿಂದ ಐಗರ್‌ಗ್ಲೆಚರ್‌ಗೆ 15 ನಿಮಿಷದಲ್ಲಿ ಮುಟ್ಟಿಸುತ್ತದೆ. ದೋಷವೂ ಇದೆ: ವೆಂಗನ್ 1274 ಮೀಟರ್, ಗ್ರಿಂಡೆಲ್‌ವಾಲ್ಡ್ 1034 ಮೀಟರ್, ಎರಡೂ ತಗ್ಗು. ಕ್ರಿಸ್‌ಮಸ್‌ಗೂ ಏಪ್ರಿಲ್‌ಗೂ ಊರಮಟ್ಟದ ಮೈದಾನವನ್ನು ನಂಬಬೇಡಿ. ಜನವರಿ ನಡುವಿನ ಲೌಬರ್‌ಹಾರ್ನ್ ಪಂದ್ಯದ ವಾರ ಊರು ತುಂಬಿ ತುಳುಕುತ್ತದೆ, ಅದನ್ನೂ ಬಿಡಿ. 3454 ಮೀಟರ್‌ನ ಯುಂಗ್‌ಫ್ರೌಯೋಖ್‌ಗೆ ಹಿರಿಯರನ್ನು ಕರೆದೊಯ್ಯುವ ಮನಸ್ಸಿದ್ದರೆ ಬಂದ ಮರುದಿನವೇ ಬೇಡ, ಎರಡು ಮೂರು ದಿನ ಕಳೆಯಲಿ. ಹೃದ್ರೋಗವಿದ್ದವರು ಊರಿನ ವೈದ್ಯರನ್ನು ಮೊದಲೇ ಕೇಳಿರಬೇಕು.

ಮಕ್ಕಳೇ ಹೆಚ್ಚಾಗಿರುವ ಗುಂಪಿಗೆ ಆಸ್ಟ್ರಿಯಾದ ಸೆರ್ಫೌಸ್. 1400 ಮೀಟರ್ ದಾಟಿದ ಈ ಹಳ್ಳಿಯ ಬೀದಿಯ ಕೆಳಗೆ 1985ರಿಂದ ಪುಟ್ಟ ಸುರಂಗ ರೈಲೊಂದು ಓಡುತ್ತಿದೆ. ಗಾಳಿಯ ಮೆತ್ತೆಯ ಮೇಲೆ ತೇಲುತ್ತಾ ಮನೆಗಳಿಂದ ಲಿಫ್ಟಿನ ಬುಡಕ್ಕೆ ಬಿಡುತ್ತದೆ, ಟಿಕೆಟ್ ಇಲ್ಲ. ಮಗುವಿನ ಸ್ಕೀ, ತಮ್ಮ ಸ್ಕೀ, ಅಳುವ ಮಗು ಮೂರನ್ನೂ ಹೊತ್ತು ಬೂಟಿನಲ್ಲಿ ಅರ್ಧ ಕಿ.ಮೀ. ನಡೆದವರಿಗೆ ಇದರ ಬೆಲೆ ಗೊತ್ತು.

ಫ್ರಾನ್ಸಿನಲ್ಲಿ ಎರಡು ಹೆಸರು. ಆವೊರಿಯಾಜ್ 1800 ಮೀಟರ್‌ನಲ್ಲಿದೆ, ಕಾರಿಲ್ಲದ ಊರು, ಮನೆ ಬಾಗಿಲಿನಿಂದ ಸ್ಕೀ ಕಟ್ಟಿ ಹೊರಡಬಹುದು, ಮಕ್ಕಳ ಶಾಲೆ ಊರ ಮಧ್ಯದಲ್ಲಿ. ಪಳಗಿದವರಿಗೆ ಪಕ್ಕದಲ್ಲೇ ಸ್ವಿಸ್ ಗಡಿಯಲ್ಲಿ ಶವಾನೆತ್ ಎಂಬ ಅತಿ ಕಡಿದಾದ ಇಳಿಜಾರು. ಲಾ ಪ್ಲಾಞ್‌ನಲ್ಲಿ ಅಗಲವಾದ ಸೌಮ್ಯ ನೀಲಿ ಹಾದಿಗಳು ಧಾರಾಳ. 2003ರ ಡಿಸೆಂಬರಿನಿಂದ ವನ್ವಾಜ್ ಎಕ್ಸ್‌ಪ್ರೆಸ್ ಎಂಬ ಎರಡಂತಸ್ತಿನ ಕೇಬಲ್ ಕಾರು ಅದನ್ನು ಲೆಜಾರ್ಕ್‌ಗೆ ಜೋಡಿಸಿದೆ, ಪಳಗಿದವರು ಒಂದು ದಿನ ಆಚೆ ಹೋಗಿಬರಬಹುದು. ಆದರೆ ಲಾ ಪ್ಲಾಞ್ ಒಂದು ಊರಲ್ಲ, ಹಲವು ಹಳ್ಳಿಗಳ ಸರ. ಮನೆ ಹಿಡಿಯುವಾಗ ಯಾವ ಹಳ್ಳಿ ಎಂದು ನೋಡದಿದ್ದರೆ ಶಾಲೆ ಒಂದು ಕಡೆ, ಮನೆ ಇನ್ನೊಂದು ಕಡೆ ಆಗುತ್ತದೆ.

ನಡುಮಟ್ಟದವರೇ ಹೆಚ್ಚಿದ್ದು ಊಟಕ್ಕೂ ನೋಟಕ್ಕೂ ಮನಸ್ಸು ಹಾತೊರೆಯುತ್ತಿದ್ದರೆ ಇಟಲಿಯ ಆಲ್ತಾ ಬಾದಿಯಾ. ಅಲ್ಲಿಂದ ನಾಲ್ಕು ಕಣಿವೆದಾರಿಗಳನ್ನು ದಾಟಿ ಸೆಲ್ಲಾ ಬಂಡೆಯ ಸುತ್ತ ಪ್ರದಕ್ಷಿಣೆ ಹಾಕುವ ಸೆಲ್ಲಾರೊಂಡಾ ಇದೆ. ಲಿಫ್ಟೂ ಸೇರಿ ಸುಮಾರು 40 ಕಿ.ಮೀ., ಐದಾರು ಗಂಟೆ. ಕಿತ್ತಳೆ ಫಲಕ ಬಲಸುತ್ತು, ಹಸಿರು ಫಲಕ ಎಡಸುತ್ತು. ಹತ್ತು ಗಂಟೆಯೊಳಗೆ ಹೊರಟು, ಮೂರೂವರೆಗೆ ಕೊನೆಯ ಕಣಿವೆದಾರಿ ದಾಟಿರಬೇಕು. ತಡವಾದರೆ ಲಿಫ್ಟ್ ನಿಂತು, ಬೇರೆ ಕಣಿವೆಯಿಂದ ದುಬಾರಿ ಟ್ಯಾಕ್ಸಿಯಲ್ಲಿ ಮರಳಬೇಕಾಗುತ್ತದೆ. ಮೊದಲ ವಾರದ ಹೊಸಬರನ್ನು ಈ ಸುತ್ತಿಗೆ ಎಳೆದೊಯ್ಯಬೇಡಿ.

ಹೆಸರು ಕೇಳಿ ಮರುಳಾಗಬಾರದ ಊರುಗಳೂ ಇವೆ. ಆಸ್ಟ್ರಿಯಾದ ಸಾಂಕ್ಟ್ ಆಂಟನ್ ಪಳಗಿದವರ ಸ್ವರ್ಗ, ಅಲ್ಲಿನ ಹಲವು ನೀಲಿ ಹಾದಿಗಳು ಬೇರೆಡೆಯ ಕೆಂಪಿಗೆ ಸಮ. ಶಮೊನಿಯಲ್ಲಿ ಸ್ಕೀ ಪ್ರದೇಶಗಳು ಕಣಿವೆಯುದ್ದಕ್ಕೂ ಬಿಡಿಬಿಡಿಯಾಗಿ ಹರಡಿವೆ, ನಡುವೆ ಬಸ್ಸು. ಬೆಳಗ್ಗೆ ಬೇರೆಯಾದ ಕುಟುಂಬ ಸಂಜೆಯೇ ಮತ್ತೆ ಮುಖ ನೋಡುವುದು. ಎರಡೂ ಒಳ್ಳೆಯ ಊರುಗಳೇ, ಮಿಶ್ರ ಗುಂಪಿಗೆ ಮಾತ್ರ ಸಲ್ಲವು.

ಗುಲ್ಮಾರ್ಗ್

ಪಾಸ್‌ಪೋರ್ಟು ವೀಸಾದ ಗೊಡವೆಯಿಲ್ಲದೆ ಹಿಮ ಬೇಕಾದರೆ ಕಾಶ್ಮೀರದ ಗುಲ್ಮಾರ್ಗ್. ಊರು ಸುಮಾರು 2650 ಮೀಟರ್, ಗೊಂಡೋಲಾದ ಎರಡನೆಯ ಹಂತ ಅಫರ್ವಟ್ ಬೆಟ್ಟದ 3900 ಮೀಟರ್ ದಾಟುತ್ತದೆ. ಇದರ ಆಕಾರ ವಿಚಿತ್ರ: ಬಟ್ಟಲಿನಂಥ ಊರ ಮೈದಾನದಲ್ಲಿ ಹೊಸಬರಿಗೆ ಸೌಮ್ಯ ಇಳಿಜಾರು, ಮೇಲಿನ ಹಂತದಲ್ಲಿ ಹಿಮವನ್ನು ಯಂತ್ರದಿಂದ ಹದಗೊಳಿಸದ, ಹಿಮಕುಸಿತದ ಅಪಾಯವಿರುವ ಕಡಿದಾದ ಬೆಟ್ಟ. ನಡುಮಟ್ಟದವರಿಗೆ ಬೇಕಾದ ಉದ್ದನೆಯ, ಹದಗೊಳಿಸಿದ ನೀಲಿ ಹಾದಿಗಳೇ ಕಡಿಮೆ. ಹಾಗಾಗಿ ಹೆಚ್ಚಿನವರು ಹೊಸಬರಾಗಿದ್ದು, ಒಬ್ಬಿಬ್ಬರು ಮಾರ್ಗದರ್ಶಕರ ಜತೆ ಮೇಲೆ ಹೋಗುವಷ್ಟು ಪಳಗಿದ್ದರೆ ಗುಲ್ಮಾರ್ಗ್ ಸರಿಯಾಗಿ ಕೂರುತ್ತದೆ. ಇಬ್ಬರು ಮೂವರು ನಡುಮಟ್ಟದವರಿದ್ದರೆ ಎರಡನೆಯ ದಿನ ಅವರಿಗೆ ಬೇಸರ. ಮೇಲಿನ ಹಂತ ಗಾಳಿ, ಹಿಮಪಾತಕ್ಕೆ ಆಗಾಗ ಮುಚ್ಚುತ್ತದೆ, ಕೈಯಲ್ಲಿ ಒಂದೆರಡು ದಿನ ಹೆಚ್ಚಿಗೆ ಇರಲಿ. ಕಲಿಯುವುದಕ್ಕೇ ಹೋಗುವ ಯುವಕರಿಗೆ ಅಲ್ಲಿನ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ.

ಕೊಲ್ಲಿ ದೇಶಗಳಲ್ಲಿರುವವರು ಹೊರಡುವ ಮೊದಲು ದುಬೈನ ಸ್ಕೀ ದುಬೈ ಒಳಾಂಗಣದಲ್ಲಿ ಎರಡು ಮೂರು ತರಗತಿ ಮುಗಿಸಿಕೊಂಡರೆ ಬೆಟ್ಟದ ಮೊದಲ ದಿನ ಉಳಿಯುತ್ತದೆ. ಅಲ್ಲಿನ ಅತಿ ಉದ್ದದ ಇಳಿಜಾರು 400 ಮೀಟರ್. ನಿಲ್ಲಲು, ತಿರುಗಲು, ಬಿದ್ದು ಏಳಲು ಅಷ್ಟು ಸಾಕು.

ಸ್ಕೀ ಶಾಲೆ ಮೊದಲು, ಮನೆ ಆಮೇಲೆ

ಜನ ವಿಮಾನ, ಮನೆ ಹಿಡಿದು ಕೊನೆಗೆ ಶಾಲೆಗೆ ಬರೆಯುತ್ತಾರೆ. ರಜೆಯ ವಾರಗಳಲ್ಲಿ ಅಷ್ಟರಲ್ಲಿ ಇಂಗ್ಲಿಷ್ ಮಾತಾಡುವ ಗುಂಪುಗಳು ತುಂಬಿಹೋಗಿರುತ್ತವೆ. ಶಾಲೆಗೆ ಕೇಳಬೇಕಾದವು: ಮಕ್ಕಳ ಗುಂಪಿನಲ್ಲಿ ಗರಿಷ್ಠ ಎಷ್ಟು ಜನ (8 ಒಳ್ಳೆಯದು, 12 ಹೆಚ್ಚು), ಕಲಿಸುವ ಭಾಷೆ, ಸೇರುವ ಜಾಗ, ತರಗತಿಗಳು ವಾರದ ಯಾವ ದಿನ ಶುರು. ಹಲವೆಡೆ ಭಾನುವಾರ ಅಥವಾ ಸೋಮವಾರ ಮಾತ್ರ ಹೊಸ ಗುಂಪು ಕಟ್ಟುತ್ತಾರೆ, ಮಂಗಳವಾರ ಬಂದಿಳಿದ ಹೊಸಬರಿಗೆ ಜಾಗವಿರುವುದಿಲ್ಲ. ಮೂರು ವರ್ಷದ ಮಗುವಿಗೆ ಅರ್ಧ ದಿನದ ಹಿಮದಾಟ ಸಾಕು.

ವಯಸ್ಕ ಹೊಸಬರಿಗೂ ಶಾಲೆ ಬೇಕೇ ಬೇಕು. ಗಂಡ ಹೆಂಡತಿಗೆ, ಅಣ್ಣ ತಂಗಿಗೆ ಕಲಿಸುವುದು ಉಳಿತಾಯದಂತೆ ಕಾಣುತ್ತದೆ. ಆಗುವುದೇನೆಂದರೆ ಕಲಿಸುವವರು ತಮಗೆ ಸುಲಭವೆನಿಸುವ ಹಾದಿಗೆ ಬೇಗ ಕರೆದೊಯ್ಯುತ್ತಾರೆ, ಅಲ್ಲಿ ಹೆದರಿಕೆ ಕೂತರೆ ಬಿಡುವುದಿಲ್ಲ. ಎರಡು ದಿನ ಮೈದಾನ, ಮೂರನೆಯ ಅಥವಾ ನಾಲ್ಕನೆಯ ದಿನ ನೀಲಿ ಹಾದಿ, ಇದು ಸಹಜ ಗತಿ.

ಮನೆಯನ್ನು ಶಾಲೆ ಸೇರುವ ಜಾಗದಿಂದ 300 ಮೀಟರ್ ಒಳಗೆ ಹುಡುಕಿ. ಲಿಫ್ಟಿಗೆ ಹತ್ತಿರವಿರುವುದಕ್ಕಿಂತ ಇದು ಮುಖ್ಯ.

ಪಾಸು, ವಿಮೆ

ದೊಡ್ಡ ಕ್ಷೇತ್ರಗಳಲ್ಲಿ ವಯಸ್ಕರ ಆರು ದಿನದ ಪಾಸು 350ರಿಂದ 450 ಯೂರೋ ಆಸುಪಾಸಿಗೆ ಬರುತ್ತದೆ. ಎಲ್ಲರಿಗೂ ಒಂದೇ ಪಾಸು ಕೊಳ್ಳುವುದು ಈ ಪ್ರವಾಸದ ಅತಿ ಸಾಮಾನ್ಯ ದುಂದು. ಹೊಸಬರಿಗೆ ಕಲಿಕೆಯ ಲಿಫ್ಟುಗಳ ಪಾಸು ಅಗ್ಗದಲ್ಲಿ, ಕೆಲವೆಡೆ ಉಚಿತವಾಗಿ ಸಿಗುತ್ತದೆ; ನಾಲ್ಕನೆಯ ದಿನದಿಂದ ದಿನಕ್ಕೊಂದರಂತೆ ಪೂರ್ತಿ ಪಾಸು ತೆಗೆದುಕೊಳ್ಳಲಿ. ಸ್ಕೀ ಮಾಡದವರಿಗೆ ಪಾದಚಾರಿ ಪಾಸು ಕೇಳಿ. ಐದಾರು ವರ್ಷದೊಳಗಿನ ಮಕ್ಕಳಿಗೆ ಹಲವೆಡೆ ಹಣವಿಲ್ಲ, ವಯಸ್ಸಿನ ದಾಖಲೆ ತೋರಿಸಬೇಕು.

ಷೆಂಗೆನ್ ವೀಸಾಕ್ಕೆ ಬೇಕಾದ 30,000 ಯೂರೋ ವೈದ್ಯಕೀಯ ವಿಮೆ ಇದ್ದರೆ ಮುಗಿಯಿತು ಎಂದುಕೊಳ್ಳುವುದು ಅಪಾಯ. ಸಾಮಾನ್ಯ ಪ್ರವಾಸಿ ವಿಮೆ ಚಳಿಗಾಲದ ಕ್ರೀಡೆಗಳನ್ನು ಹೊರಗಿಡುವುದುಂಟು. ಸ್ಕೀಯಿಂಗ್, ಹೆಲಿಕಾಪ್ಟರ್ ರಕ್ಷಣೆ, ಇನ್ನೊಬ್ಬರಿಗೆ ಗಾಯವಾದರೆ ಕೊಡಬೇಕಾದ ಪರಿಹಾರ, ಈ ಮೂರೂ ಪದಗಳು ಪಾಲಿಸಿಯಲ್ಲಿ ಇರಬೇಕು. ಇಟಲಿಯಲ್ಲಿ 2022ರಿಂದ ಮೂರನೆಯವರ ಹೊಣೆ ವಿಮೆ ಇಲ್ಲದೆ ಹಾದಿಗೆ ಇಳಿಯುವಂತಿಲ್ಲ. ಪಳಗಿದವರು ಗುರುತು ಹಾಕಿದ ಹಾದಿ ಬಿಟ್ಟು ಹೋಗುವವರಾದರೆ ಅದನ್ನು ಬೇರೆಯಾಗಿ ಸೇರಿಸಿ. ಹಿಮಕುಸಿತದ ಅಪಾಯವನ್ನು ಯುರೋಪಿನಲ್ಲಿ 1ರಿಂದ 5ರವರೆಗೆ ಅಳೆಯುತ್ತಾರೆ, 3 ಎಂದರೆ ನಡುವಿನದು ಎಂದುಕೊಂಡು ಹೋದವರೇ ಹೆಚ್ಚಾಗಿ ಸಿಕ್ಕಿಬೀಳುತ್ತಾರೆ. ಹಿಮದಡಿ ಸಿಕ್ಕವರನ್ನು ಪತ್ತೆಹಚ್ಚುವ ಸಂಕೇತ ಸಾಧನ, ಸಲಿಕೆ, ಶೋಧದ ಕೋಲು, ಅದನ್ನೆಲ್ಲ ಬಳಸಲು ಬರುವ ಜತೆಗಾರ ಇಲ್ಲದೆ ಹೋಗಕೂಡದು.

ಊಟ

ಮಾಂಸಾಹಾರಿಗಳಿಗೆ ಚಿಂತೆಯಿಲ್ಲ. ಸಸ್ಯಾಹಾರಿಗಳು ತಿಳಿದಿರಬೇಕಾದವು ಕೆಲವಿವೆ. ಬೆಟ್ಟದ ಹೋಟೆಲಿನ ತರಕಾರಿ ಸೂಪಿಗೆ ಮಾಂಸದ ಕಟ್ಟು ಬಳಸಿರಬಹುದು, ಆಲೂಗಡ್ಡೆಯ ರೋಸ್ಟಿಯಲ್ಲಿ ಹಂದಿಮಾಂಸದ ಚೂರಿರಬಹುದು, ಕೈಸರ್‌ಶ್ಮಾರ್ನ್ ಎಂಬ ಸಿಹಿ ದೋಸೆಯಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಗ್ರುಯೆರ್, ಪಾರ್ಮೆಸಾನ್‌ನಂಥ ಸಾಂಪ್ರದಾಯಿಕ ಚೀಸ್‌ಗಳನ್ನು ಹೆಪ್ಪುಗಟ್ಟಿಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಮಡಿ ಪಾಲಿಸುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಆದ್ದರಿಂದ ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿಯಿರಿ, ಕುಕ್ಕರ್ ಒಯ್ಯಿರಿ. 1800 ಮೀಟರ್‌ನಲ್ಲಿ ನೀರು ಕುದಿಯುವುದು ಸುಮಾರು 94 ಡಿಗ್ರಿಗೆ; ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಕರಗಲು ತುಂಬ ಹೊತ್ತು ಹಿಡಿಯುತ್ತದೆ. ಅಲ್ಲಿನ ಒಲೆ ಇಂಡಕ್ಷನ್ ಆಗಿದ್ದರೆ ನಮ್ಮ ಸಾದಾ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಬಿಸಿಯೇ ಆಗದು. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಒಯ್ಯಿರಿ. ಭಾನುವಾರ ಅಂಗಡಿ ಮುಚ್ಚಿರುವ ಊರುಗಳುಂಟು, ಶನಿವಾರ ಬಂದಿಳಿಯುವವರು ಮೊದಲ ಎರಡು ಹೊತ್ತಿನ ಅಕ್ಕಿ, ಬೇಳೆ, ಚಟ್ನಿಪುಡಿ ಕೈಚೀಲದಲ್ಲಿಟ್ಟುಕೊಳ್ಳಿ.

ಬಂದಿಳಿದ ಸಂಜೆ

ಸ್ಕೀ, ಬೂಟು ಬಾಡಿಗೆಯನ್ನು ಬೆಳಗ್ಗೆಗೆ ಬಿಡದೆ ಬಂದ ಸಂಜೆಯೇ ಮುಗಿಸಿ. ಅಂಗಡಿಯವರು ತೂಕ, ಎತ್ತರ, ವಯಸ್ಸು, ಮಟ್ಟ ಕೇಳುತ್ತಾರೆ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬಿಗಿತವನ್ನು ಹೊಂದಿಸುವುದು ಇದರಿಂದಲೇ. ತೂಕವನ್ನು ಕಡಿಮೆ ಹೇಳಿದರೆ ಸ್ಕೀ ಬೇಡದಾಗ ಕಳಚುತ್ತದೆ, ಮಟ್ಟವನ್ನು ಹೆಚ್ಚು ಹೇಳಿದರೆ ಬೇಕಾದಾಗ ಕಳಚದೆ ಮಂಡಿ ತಿರುಚುತ್ತದೆ. ಹೊಸಬರ ಸ್ಕೀ ನಿಲ್ಲಿಸಿದರೆ ಗಲ್ಲದ ಮಟ್ಟಕ್ಕೆ ಬರಬೇಕು. ಬೂಟಿನೊಳಗೆ ಒಂದೇ ಜತೆ ತೆಳು ಕಾಲುಚೀಲ; ಚಳಿಯೆಂದು ಎರಡು ಹಾಕಿದರೆ ರಕ್ತ ಓಡಾಟ ಕಡಿಮೆಯಾಗಿ ಕಾಲು ಇನ್ನೂ ತಣ್ಣಗಾಗುತ್ತದೆ. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದಿನ ಗೋಡೆಗೆ ತಾಗಬೇಕು, ಮಂಡಿ ಮುಂದಕ್ಕೆ ಬಗ್ಗಿಸಿದಾಗ ಬಿಡಬೇಕು, ಹಿಮ್ಮಡಿ ಮಾತ್ರ ಮೇಲೇಳಬಾರದು. ಹತ್ತು ನಿಮಿಷ ಅಂಗಡಿಯಲ್ಲೇ ನಡೆದಾಡಿ, ನೋವಿದ್ದರೆ ಅಲ್ಲೇ ಬದಲಿಸಿ.

ಮರಳಿ ಮನೆಗೆ ಬರುವಾಗ ಎಲ್ಲರನ್ನೂ ಒಮ್ಮೆ ಶಾಲೆ ಸೇರುವ ಜಾಗಕ್ಕೂ ಗೊಂಡೋಲಾದ ಬುಡಕ್ಕೂ ನಡೆಸಿ ತೋರಿಸಿ. ಊಟದ ನಿಲ್ದಾಣದ ಹೆಸರನ್ನು ಕನ್ನಡದಲ್ಲಿ ಬರೆದ ಚೀಟಿಯೊಂದು ಪ್ರತಿಯೊಬ್ಬರ ಜೇಬಿನಲ್ಲೂ ಇರಲಿ, ಚಳಿಗೆ ಫೋನಿನ ಬ್ಯಾಟರಿ ಇದ್ದಕ್ಕಿದ್ದಂತೆ ಕೈಕೊಡುತ್ತದೆ. ಚೀಟಿಯ ಹಿಂಬದಿಯಲ್ಲಿ ಕೆಳಗಿಳಿಯುವ ಕೊನೆಯ ಲಿಫ್ಟಿನ ಸಮಯವನ್ನೂ ಬರೆಯಿರಿ.